ಕ್ರಮಸಂಖ್ಯೆ ಲಾಭ

ಹೈಸ್ಕೂಲಿನ ಗಣಿತ ಮೇಷ್ಟ್ರಾಗಿ ನಿವೃತ್ತನಾದ ಮರುವರ್ಷವೇ ಆದೋನಿಯ ನಮ್ಮ ಬಡಾವಣೆಯ ವಯಸ್ಕರ ಕಲಿಕಾ ಕೇಂದ್ರ ನನ್ನ ಕೊರಳಿಗೆ ಬಿತ್ತು. ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ, ಓದು, ಬರಹ, ಲೆಕ್ಕ, ಜೊತೆಗೆ ಎರಡು ಹಳೆಯ ಕಂಪ್ಯೂಟರು. ಬರುತ್ತಿದ್ದ ಇಪ್ಪತ್ಮೂರು ಮಂದಿಯೂ ಹೆಂಗಸರೇ. ಅವರಿಗೆ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು. ನನ್ನ ಬೈಗುಳ ಎರಡರಲ್ಲೂ ನಡೆಯುತ್ತಿತ್ತು.

ಎಲ್ಲರಿಗೂ ಹಿರಿಯಳು ಗಂಗಮ್ಮ, ಹೊಳಗುಂದದ ಕಡೆಯ ಕುರಿ ಸಾಕುವ ಮನೆತನದವಳು. ಒಂದು ಕಣ್ಣು ಹೋಗಿತ್ತು, ಇನ್ನೊಂದು ಮಸುಕಾಗುತ್ತಿತ್ತು. ಅದು ಪೂರ್ತಿ ಆರುವುದರೊಳಗೆ ಒಂದು ಪರೀಕ್ಷೆ ಬರೆದು ಪಾಸಾಗಬೇಕೆಂಬುದು ಆಕೆಯ ಹಟ. ಹಿಂದಿನ ಸಲ ಜ್ವರ ಬಂದು ತಪ್ಪಿಹೋಗಿತ್ತು.

ಪರೀಕ್ಷೆಗೆ ಕೂರುವವರ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತುಂಬಿ ಜಿಲ್ಲೆಗೆ ಕಳಿಸಬೇಕು. ಆ ಕೆಲಸವನ್ನು ಶರಣಮ್ಮನಿಗೆ ಕೊಟ್ಟೆ. ಸಂತೆಯಲ್ಲಿ ಸೇರಿನಿಂದ ಜೋಳ, ಶೇಂಗಾ ಅಳೆದು ಮಾರುತ್ತಿದ್ದ ಆಕೆ ಕೀಬೋರ್ಡು ಕಲಿತದ್ದು ನನಗೇ ಹೆಮ್ಮೆ. ಆ ಹೆಮ್ಮೆಯಲ್ಲಿ ಪಟ್ಟಿಯನ್ನು ಒಮ್ಮೆಯೂ ನೋಡದೆ ಕಳಿಸಿಬಿಟ್ಟೆ.

ಪರೀಕ್ಷೆಯ ದಿನ ಗಂಗಮ್ಮ ಮಡಿಚಿಟ್ಟಿದ್ದ ಹೊಸ ಸೀರೆ ಉಟ್ಟು ಕೇಂದ್ರಕ್ಕೆ ಬಂದಳು. ಇಪ್ಪತ್ತೆರಡು ಹೆಸರು ಕೂಗಿದರು, ಆಕೆಯದು ಬರಲಿಲ್ಲ. ಪಟ್ಟಿಯಲ್ಲಿಲ್ಲದವರನ್ನು ಕೂರಿಸುವ ಅಧಿಕಾರ ತಮಗಿಲ್ಲ ಎಂದರು ಪರೀಕ್ಷಾಧಿಕಾರಿ. ಗಂಗಮ್ಮ ಪೆನ್ನನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಕಂಪ್ಯೂಟರ್ ತೆರೆದೆ. ಪಟ್ಟಿಯಲ್ಲಿ ಮೊದಲ ಹೆಸರೇ ಗಂಗಮ್ಮನದು. ಆದರೆ ಕ್ರಮಸಂಖ್ಯೆಯ ಜಾಗದಲ್ಲಿ 1 ಇರಲಿಲ್ಲ, ‘ಲಾಭ’ ಎಂದಿತ್ತು. ಕೆಳಗೆ 2, 3, 4, ಎಲ್ಲ ಸರಿಯಾಗಿತ್ತು. ಅಂಕಿಯಿಲ್ಲದ ಸಾಲನ್ನು ಜಿಲ್ಲೆಯ ಕಂಪ್ಯೂಟರು ಬಿಟ್ಟುಬಿಟ್ಟಿತ್ತು. ಎಲ್ಲರ ಎದುರೇ ಶರಣಮ್ಮನ ಮೇಲೆ ಹಾರಾಡಿದೆ. ಇಷ್ಟು ದಿನ ಕಲಿತದ್ದು ಇದೇ ಏನು ಎಂದೆ.

ಶರಣಮ್ಮ ತಲೆ ತಗ್ಗಿಸಲಿಲ್ಲ. “ಮೊದಲ್ನೇ ಸೇರಿಗೆ ಒಂದು ಅನ್ನಂಗಿಲ್ರಿ ಸರ, ಲಾಭ ಅಂತೀವಿ. ಆಮ್ಯಾಲೆ ಎರಡು, ಮೂರು. ಗಂಗಮ್ಮತ್ತಿ ಎಲ್ಲಾರಿಗಿಂತ ಹಿರೇಕಿ. ಆಕಿ ಹೆಸರಿನ ಮುಂದ ಬರೇ ಒಂದು ಅಂತ ಹೆಂಗ ಹೊಡೀಲಿ?”

ನಮ್ಮ ಅಜ್ಜಿಯೂ ಕಣದಲ್ಲಿ, ಮೊದಲ ಅಳತೆ ಶುಭವಾಗಲೆಂದು, ಹಾಗೆಯೇ ಅಳೆಯುತ್ತಿದ್ದಳು. ಪರೀಕ್ಷಾಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು, ತಮ್ಮ ಅಮ್ಮನದೂ ಅದೇ ಲೆಕ್ಕವಾಗಿತ್ತು ಎಂದು ತೆಲುಗಿನಲ್ಲಿ ಹೇಳಿದರು. ತಪ್ಪು ನನ್ನದೆಂದು ನನ್ನಿಂದ ಬರೆಸಿಕೊಂಡು, ಜಿಲ್ಲೆಗೆ ಫೋನು ಹಚ್ಚಿ ಒಪ್ಪಿಗೆ ಪಡೆದು, ಗಂಗಮ್ಮನ ಹೆಸರನ್ನು ಕೈಯಲ್ಲೇ ಸೇರಿಸಿದರು. ಕಿಟಕಿಯ ಬೆಳಕಿಗೆ ಕಾಗದ ಹಿಡಿದು ಆಕೆ ಬರೆದಳು, ಪಾಸೂ ಆದಳು.

ತಪ್ಪು ಉತ್ತರ ಕಂಡರೆ ಬೈಯುವ ಮೊದಲು ‘ಯಾಕೆ’ ಎಂದು ಕೇಳಬೇಕು. ಸರ್ವೀಸಿನಲ್ಲಿ ಎಷ್ಟು ಮಕ್ಕಳಿಗೆ ಕೇಳದೆ ಬಾರಿಸಿದೆನೋ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮರುವರ್ಷದ ಪಟ್ಟಿಯನ್ನೂ ಶರಣಮ್ಮನೇ ತುಂಬಿದಳು, ನಾನು ಪಕ್ಕದಲ್ಲೇ ಕೂತಿದ್ದೆ. ಮೊದಲ ಹೆಸರಿನ ಮುಂದೆ 1 ಒತ್ತುವ ಮುಂಚೆ ನನ್ನ ಮುಖ ನೋಡಿದಳು. ನಾನೇ ಮೆಲ್ಲಗೆ “ಲಾಭ” ಎಂದೆ. ಆಕೆ ನಕ್ಕು 1 ಒತ್ತಿದಳು.