ಚಿತ್ರದೊಳಗಿನ ಬಂಡಿದಾರಿ

ಎಡಗಣ್ಣು ಮುಚ್ಚಿ, ಬಲಗೈಯನ್ನು ಉದ್ದಕ್ಕೆ ಚಾಚಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಅದರ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಜಾರಿಸುತ್ತಾ ಅವರು ನಮ್ಮ ಹೊಲದ ಕಡೆ ನೋಡುತ್ತಿದ್ದರು. ಉಗುರಿನ ಸಂದಿಯಲ್ಲೆಲ್ಲ ನೀಲಿ ಬಣ್ಣ ಒಣಗಿತ್ತು. ಚಿತ್ರ ಬರೆಯುವವರು ಮರದ ಎತ್ತರ, ದಿಣ್ಣೆಯ ಅಗಲ ತಾಳೆ ನೋಡುವುದೇ ಹಾಗೆ. ನಮ್ಮಪ್ಪನಿಗೆ ಮಾತ್ರ ಅವರು ಜಮೀನು ಅಳೆಯುತ್ತಿರುವಂತೆ ಕಂಡಿತು.

"ಯಾರವ್ವ ಅದು, ನಮ್ಮೊಲದ ಮ್ಯಾಲೆ ಗುರಿ ಇಟ್ಕಂಡ್ ಕುಂತಿರೋದು? ನಿಮ್ ಚಿಕ್ಕಪ್ಪ ಕರ್ಕಂಡ್ ಬಂದಿರ್ಬೇಕು. ಓಗಿ ವಿಚಾರಿಸ್ಕಂಡ್ ಬಾ" ಅಂದ.

ಚಿಕ್ಕಪ್ಪ ಅಂದರೆ ಅಪ್ಪನ ದಾಯಾದಿ ತಮ್ಮ. ಪಕ್ಕದ ಹೊಲ ಅವನದು. ದಂಡಿಗನಹಳ್ಳಿ ಹತ್ತಿರದ ನಮ್ಮೂರಲ್ಲಿ ಏನೇ ಹೊಸದು ಕಂಡರೂ ಅದರ ಹಿಂದೆ ಚಿಕ್ಕಪ್ಪನ ಕೈ ಇದೆ ಎಂದು ಅಪ್ಪ ನಂಬುತ್ತಿದ್ದ. ಚಿಕ್ಕಪ್ಪನೂ ಅಪ್ಪನ ಬಗ್ಗೆ ಹಾಗೇ ನಂಬುತ್ತಿದ್ದ.

ನಾನು ಹಾಸನದ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದ ಕಾಲ. ಹೋಗಿ ಕೇಳಿದೆ. ಅರಕಲಗೂಡಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಂತೆ. ಮನೆ ಹೊಳೆನರಸೀಪುರ. ಭಾನುವಾರ ಬೆಳಿಗ್ಗೆ ಹಾಸನದಲ್ಲಿ ಜಲವರ್ಣದ ಪಾಠ ಹೇಳಿ, ಮಧ್ಯಾಹ್ನ ಸಿಕ್ಕಿದ ಬಸ್ಸು ಹತ್ತಿ, ಚೆನ್ನಾಗಿ ಕಂಡ ಕಡೆ ಇಳಿದುಬಿಡುತ್ತಾರಂತೆ. ಬಂದು ಹೇಳಿದರೆ ಅಪ್ಪನ ಅನುಮಾನ ಇನ್ನೂ ಹೆಚ್ಚಿತು.

"ಅರಕಲಗೂಡಲ್ಲಿ ಕೆಲ್ಸ, ಒಳೆನರ್ಸೀಪುರದಲ್ಲಿ ಮನೆ, ಆಸನದಲ್ಲಿ ಪಾಠ, ನಮ್ಮೊಲದಲ್ಲಿ ಚಿತ್ರ. ಒಂದುಕ್ಕೊಂದು ತಾಳೆ ಆಯ್ತದಾ?"

ಅವರು ನಾಲ್ಕಾರು ಭಾನುವಾರ ಬಂದರು. ಕಾಗದ ಒದ್ದೆ ಮಾಡಿ ಹಲಗೆಗೆ ಅಂಟಿಸಿ, ಒಣಗುವ ಮೊದಲೇ ಆಕಾಶ ಹರಡುವುದನ್ನು ನಾನು ಬದುವಿನ ಮೇಲೆ ಕೂತು ನೋಡುತ್ತಿದ್ದೆ. ಅಪ್ಪ ದೂರದಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದ. ಆಮೇಲೆ ನಾನೂ ಹಾಸನದಲ್ಲಿ ಅವರ ಪಾಠಕ್ಕೆ ಸೇರಿದೆ.

ಮೇಷ್ಟ್ರು ಸುಲಭಕ್ಕೆ ಏನನ್ನೂ ನಂಬುವವರಲ್ಲ. ಅಂಗಡಿಯವನು ಒಳ್ಳೆಯ ಕಾಗದ ಎಂದರೆ ಮೂಲೆಯನ್ನು ನಾಲಿಗೆಗೆ ತಾಗಿಸಿ, ಎಷ್ಟು ನೀರು ಹೀರುತ್ತದೆಂದು ನೋಡುತ್ತಿದ್ದರು. ತಮ್ಮದೇ ಚಿತ್ರವನ್ನು ಗೋಡೆಗೆ ಮುಖ ಮಾಡಿಟ್ಟು, ಬೇರೆ ಏನೋ ಮಾತಾಡುತ್ತಿದ್ದು, ಕಳ್ಳನನ್ನು ಹಿಡಿಯುವವರಂತೆ ಫಕ್ಕನೆ ತಿರುಗಿಸಿ ನೋಡುತ್ತಿದ್ದರು. "ನಾವು ಕಾಯ್ತಿದೀವಿ ಅಂತ ಗೊತ್ತಾದ್ರೆ ತಪ್ಪು ಅಡಗಿಕೊಳ್ಳುತ್ತೆ" ಎನ್ನುತ್ತಿದ್ದರು. ನಾನು ಏನೇ ಬರೆದು ತೋರಿಸಿದರೂ ಮೊದಲ ಪ್ರಶ್ನೆ ಒಂದೇ: "ಇದನ್ನ ನೋಡಿ ಬರೆದ್ಯೋ, ಗೊತ್ತು ಅಂತ ಬರೆದ್ಯೋ?" ಒಮ್ಮೆ ಎಮ್ಮೆಗೆ ಕಪ್ಪು ಬಳಿದಿದ್ದೆ. ನನ್ನನ್ನು ಬೀದಿಗೆ ಕರೆದುಕೊಂಡು ಹೋಗಿ, ಬಿಸಿಲಲ್ಲಿ ನಿಂತಿದ್ದ ಎಮ್ಮೆಯ ಬೆನ್ನಿನ ಮೇಲೆ ಆಕಾಶದ ನೀಲಿ ಬಿದ್ದಿದ್ದನ್ನು ಕಾಣುವ ತನಕ ನಿಲ್ಲಿಸಿದ್ದರು.

ಮರುವರ್ಷ ಚಿಕ್ಕಪ್ಪ ಬಂಡಿದಾರಿಯನ್ನು ಉತ್ತುಬಿಟ್ಟ.

ಹುಣಸೆಮರದ ಕೆಳಗಿನಿಂದ ಅವನ ಹೊಲದ ಅಂಚಿನಲ್ಲಿ ನಮ್ಮ ಹೊಲಕ್ಕೆ ಬರುವ ದಾರಿ ಅದು. ನಕ್ಷೆಯಲ್ಲಿ ಇರಲಿಲ್ಲ, ತಾತನ ಕಾಲದಿಂದ ಓಡಾಡಿ ಆದದ್ದು. ಉತ್ತವನು ಮುಳ್ಳುತಂತಿಯನ್ನೂ ಎಳೆದು, "ಇಲ್ಲಿ ದಾರಿ ಅನ್ನೋದೇ ಇರ್ಲಿಲ್ಲ" ಎಂದ. ರಾಗಿ ಕುಯ್ಲು ಹತ್ತಿರ ಬಂದಿತ್ತು. ತೆನೆ ಹೊರಕ್ಕೆ ತರುವ ಹಾದಿಯೇ ಇಲ್ಲದೆ ಅಪ್ಪ ಒದ್ದಾಡುತ್ತಿದ್ದ.

ಆಗಲೇ ಹಾಸನದಲ್ಲಿ ಮೇಷ್ಟ್ರ ಚಿತ್ರಪ್ರದರ್ಶನ ನಡೆಯಿತು. ನಮ್ಮ ಹೊಲದ ಚಿತ್ರವೂ ಅಲ್ಲಿತ್ತು. ಹುಣಸೆಮರದ ಕೆಳಗೆ ಕೆಮ್ಮಣ್ಣಿನ ಬಂಡಿದಾರಿ ಸ್ಪಷ್ಟವಾಗಿ ಬಳುಕಿಕೊಂಡು ಹೋಗಿತ್ತು. ನಾನು ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸಿದಾಗ ಅಪ್ಪ ಅದನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ. "ಪುಣ್ಯಾತ್ಮ! ಅವತ್ತು ಅನುಮಾನ ಪಟ್ಟಿದ್ದು ತಪ್ಪಾಯ್ತು ಕಣವ್ವ" ಎಂದ.

ಊರಿನವರು ಹಾಲಿನ ಡೈರಿ ಜಗಲಿಯ ಮೇಲೆ ಪಂಚಾಯ್ತಿ ಸೇರಿಸಿದರು. ಅಪ್ಪ ತಾನೇ ಬೈಕಿನಲ್ಲಿ ಹೋಗಿ, ಚಿತ್ರದ ಸಮೇತ ಮೇಷ್ಟ್ರನ್ನು ಕರೆತಂದ. ಜಗಳದ ವಿಷಯ ಹೇಳಿರಲಿಲ್ಲ. "ಊರೋರ್ ಮುಂದೆ ನಿಮ್ ಚಿತ್ರದ್ ಬಗ್ಗೆ ನಾಕ್ ಮಾತಾಡ್ಬೇಕು ಸಾ" ಎಂದಷ್ಟೇ ಹೇಳಿದ್ದನಂತೆ. ಪಾಪ, ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು.

ಹಿರಿಯರೊಬ್ಬರು ಕೇಳಿದರು: "ಈ ದಾರಿ ನೀವು ಕಣ್ಣಾರೆ ನೋಡಿ ಬರೆದದ್ದು ತಾನೇ ಸಾ?"

ಮೇಷ್ಟ್ರು ಚಿತ್ರ ನೋಡಿದರು. ಎದುರುಬದುರು ಕೂತಿದ್ದ ಅಪ್ಪ, ಚಿಕ್ಕಪ್ಪರ ಮುಖ ನೋಡಿದರು. ತಮ್ಮನ್ನು ಕರೆದದ್ದು ಯಾಕೆಂದು ಆಗ ಅರ್ಥವಾಯಿತೆಂದು ಕಾಣುತ್ತದೆ.

"ಇಲ್ಲ" ಎಂದರು. "ನಾನು ಬರ್ತಿದ್ದದ್ದು ಕೆರೆ ಏರಿ ಮೇಲೆ, ಕೂತಿದ್ದ ಕಡೆಗೆ ರಾಗಿ ಪೈರು ಅಡ್ಡ ಇತ್ತು. ದಾರಿ ನನಗೆ ಕಾಣ್ತಿರಲಿಲ್ಲ. ನೋಡೋರ ಕಣ್ಣು ಚಿತ್ರದೊಳಕ್ಕೆ ಹೋಗಬೇಕಲ್ಲ, ಅದಕ್ಕೆ ನಾನೇ ಒಂದು ದಾರಿ ಸೇರಿಸಿದೆ."

ಚಿಕ್ಕಪ್ಪ ಗಹಗಹಿಸಿ ನಕ್ಕ. ಪಂಚಾಯ್ತಿ ಅಲ್ಲಿಗೇ ಮುರಿಯಿತು. ಮೇಷ್ಟ್ರನ್ನು ವಾಪಸು ಬಿಡಲು ಯಾರೂ ಏಳಲಿಲ್ಲ. ಚಿತ್ರವನ್ನು ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟಾಪಿಗೆ ನಡೆದುಹೋದರು.

"ಅವ್ನ್ ಕಡೆಯಿಂದ ಏನೋ ಇಸ್ಕಂಡವ್ರೆ" ಎಂದ ಅಪ್ಪ. ನಾನು ಇಲ್ಲವೆನ್ನಲಿಲ್ಲ. ಚಿಕ್ಕಪ್ಪ ಒಂದು ದಿನ ಅವರಿಗೆ ಎಳನೀರು ಕೆತ್ತಿಕೊಟ್ಟದ್ದನ್ನು ನಾನೇ ನೋಡಿದ್ದೆ. ಎಳನೀರು ಕುಡಿದಷ್ಟಕ್ಕೇ ಯಾರಾದರೂ ಮಾತು ತಿರುಗಿಸುತ್ತಾರೆಯೇ ಎಂದು ಒಂದು ಗಳಿಗೆ ಅನ್ನಿಸಿದರೆ, ಮರುಗಳಿಗೆಗೆ ಇನ್ನೇನು ಕೊಟ್ಟಿರಬಹುದು ಎಂದು ಮನಸ್ಸು ಹುಡುಕುತ್ತಿತ್ತು.

ಮುಂದಿನ ಭಾನುವಾರ ಪಾಠಕ್ಕೆ ಹೋದಾಗ ಮೇಷ್ಟ್ರನ್ನು ನೇರವಾಗಿ ಕೇಳಿದೆ. "ದಾರಿ ಇತ್ತು ಸಾರ್. ನಾನೇ ಓಡಾಡಿದೀನಿ. ನೀವು ಯಾಕೆ ಹಾಗೆ ಹೇಳಿದ್ರಿ?"

ಅವರು ಕುಂಚ ತೊಳೆಯುತ್ತಿದ್ದರು. "ಇದ್ದಿರಬಹುದಮ್ಮ. ನಾನು ನೋಡಿರಲಿಲ್ಲ. ನೀನು ನೋಡಿದ್ದೆ, ಅಲ್ಲೇ ನಿಂತಿದ್ದೆ. ನೀನು ಯಾಕೆ ಬಾಯಿ ಬಿಡಲಿಲ್ಲ?"

ನನ್ನನ್ನು ಯಾರೂ ಕೇಳಲೇ ಇಲ್ಲ ಎಂದೆ.

"ಕೇಳೋರನ್ನ ಕಾಯ್ತಾ ಕೂರಬೇಡ" ಎಂದರು. ಮತ್ತೆ, ನನ್ನ ಮುಖ ನೋಡಿ, "ಚಿತ್ರದಲ್ಲಿ ಏನು ಬೇಕಾದ್ರೂ ಸೇರಿಸಬಹುದು. ಆದರೆ ಸೇರಿಸಿದ್ದು ಯಾವುದು, ಕಂಡಿದ್ದು ಯಾವುದು ಅನ್ನೋದು ಸೇರಿಸಿದವನಿಗೆ ಮರೀಬಾರದು" ಎಂದರು.

ಅಪ್ಪ ತಾಲ್ಲೂಕು ಆಫೀಸಿಗೆ ಅರ್ಜಿ ಕೊಟ್ಟಿದ್ದ. ಕಂದಾಯದವರು ಸ್ಥಳ ನೋಡಲು ಬಂದ ದಿನ ನಾನೇ ಮುಂದೆ ಹೋಗಿ ನಿಂತೆ. ಉದ್ದಕ್ಕೂ ಎರಡು ಗಾಡಿ ಹೋಗುವಷ್ಟು ಅಗಲವಿತ್ತು ಎಂದು ಹೇಳು ಅಂತ ಅಪ್ಪ ಕಿವಿಯಲ್ಲಿ ಉಸುರಿದ್ದ. ನಾನು ಹಾಗೆ ಹೇಳಲಿಲ್ಲ. ಹುಣಸೆಮರ ದಾಟಿದ ಮೇಲೆ ಬಂಡೆ ಇರುವ ಕಡೆ ಒಂದು ಗಾಡಿಯೇ ಕಷ್ಟದಲ್ಲಿ ಹಾಯುತ್ತಿತ್ತು, ಮಳೆಗಾಲದಲ್ಲಿ ಕೆಸರಾಗಿ ನಾವು ಈ ದಾರಿ ಬಿಟ್ಟು ಕೆರೆ ಏರಿ ಮೇಲೆ ನಡೆದೇ ಹೋಗುತ್ತಿದ್ದೆವು ಎಂದೆ. ಅಪ್ಪ ನನ್ನನ್ನು ದುರುಗುಟ್ಟಿಕೊಂಡು ನೋಡಿದ. ಇವಳನ್ನೂ ಕೊಂಡುಕೊಂಡರೋ ಎಂಬಂತೆ.

ಆದರೆ ಬೇಲಿಯಾಚೆ ನಿಂತಿದ್ದ ಚಿಕ್ಕಪ್ಪನ ತಾಯಿ, ವರಸೆಯಲ್ಲಿ ನನಗೂ ಅಜ್ಜಿ, ತಡೆಯಲಾರದೆ ಮಗನಿಗೆ ಅಂದೇಬಿಟ್ಟಳು: "ಅವ್ಳೇಳೋದು ದಿಟ ಕಣ್ಲಾ. ಕೆಸರಾದಾಗ ಏರಿ ಮ್ಯಾಲೇ ಓಯ್ತಿದ್ದುದ್ದು. ನಾನ್ ಮದ್ವೆಯಾಗಿ ಬಂದಾಗಿಂದ್ಲೂ ಗಾಡಿ ಓಡಾಡುದ್ದು ಇದೇ ದಾರೀಲೇ."

ಮುಳ್ಳುತಂತಿ ತೆಗೆಸಿದರು. ಅಪ್ಪ ಬಯಸಿದಷ್ಟು ಅಗಲ ಸಿಗದಿದ್ದರೂ ನಮ್ಮ ರಾಗಿ ಆ ದಾರಿಯಲ್ಲೇ ಮನೆಗೆ ಬಂತು. ನಾನು ಕುಂಚ ಬಿಡಲಿಲ್ಲ. ಈಗ ಚನ್ನರಾಯಪಟ್ಟಣದ ಒಂದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತೇನೆ. ನಾಲ್ಕು ಜನರ ನಡುವೆ ನನ್ನ ಮಾತು ನಾನೇ ಆಡುತ್ತೇನೆ. ಎರಡೂ ಮೇಷ್ಟ್ರು ಕೊಟ್ಟದ್ದು.

ಹೋದ ವರ್ಷ ಅವರು ತೀರಿಕೊಂಡರು. ಹೊಳೆನರಸೀಪುರಕ್ಕೆ ಹೊರಟಾಗ ಅಪ್ಪ ತಾನೂ ಬರುತ್ತೇನೆಂದ. ಅಲ್ಲಿ ಹೋಗಿ ನೋಡಿದರೆ ಅಂಗಳದ ಮೂಲೆಯಲ್ಲಿ ಚಿಕ್ಕಪ್ಪ ನಿಂತಿದ್ದ.

ಅಪ್ಪ ನನ್ನ ಮೊಣಕೈ ತಿವಿದ. "ನೋಡ್ದಾ? ಬಂದವ್ನೆ! ನಾನೇಳ್ಲಿಲ್ವಾ, ಅವ್ರು ಅವ್ನ್ ಕಡೆಯೋರು ಅಂತ."

ಸ್ವಲ್ಪ ಹೊತ್ತಿಗೆ ಚಿಕ್ಕಪ್ಪನೇ ನನ್ನ ಹತ್ತಿರ ಬಂದ. "ನಿಮ್ಮಪ್ಪನೂ ಬಂದವ್ನೆ. ಬರ್ದೆ ಇರ್ತಾನಾ? ಅವತ್ತು ಮೇಷ್ಟ್ರು ನನ್ನ ಕಡೆ ಮಾತಾಡ್ದಂಗ್ ಮಾಡಿ, ನಾನು ಮೈ ಮರ್ತಾಗ ನಿನ್ ಕೈಲಿ ಸಾಕ್ಷಿ ಏಳ್ಸುದ್ರು. ಅದು ಅವ್ರೂ ನಿಮ್ಮಪ್ಪನೂ ಸೇರಿ ಕಟ್ಟಿದ್ ಆಟ ಅಂತ ನಂಗೇನ್ ಗೊತ್ತಿಲ್ವಾ? ಆದ್ರೂ ಸತ್ತೋರ್ ಮುಖ ನೋಡ್ಬೇಕು ಅನ್ನುಸ್ತು ಕಣವ್ವ."

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪನಿಗೆ ಅದನ್ನು ಹೇಳಿದೆ. ಅವನು ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದ.

"ಅವ್ನೂ ಅಂಗೇ ಅನ್ಕಂಡಿದ್ನಾ?"

"ಹೂಂ."

"ಅಂಗಾರೆ ಆ ವಯ್ಯ ಯಾರ್ ಕಡೆಯೋರಾಗಿದ್ರವ್ವ?"

ಕೇಳಿದವನೇ ಅಪ್ಪ ಟವಲಿನಿಂದ ಮುಖ ಒರೆಸಿಕೊಂಡು, "ಥೂ, ಒಂದಿನಾರ ಮನೇಗ್ ಕರ್ದು ಉಣ್ಣಾಕ್ ಇಕ್ಲಿಲ್ಲ ಕಣವ್ವ ನಾವು" ಎಂದ.