ಸುಮ್ಮನೆ ಕೂರಿಸುತ್ತಿದ್ದ ಮೇಡಂ

ತೊಂಬತ್ತರ ದಶಕದಲ್ಲಿ ನಾನು ಪಾಠ ಮಾಡುತ್ತಿದ್ದ ದೋಹಾದ ಶಾಲೆಗೆ ಇಂಗ್ಲೆಂಡಿನ ಮೇಡಂ ಒಬ್ಬರು ಮುಖ್ಯಸ್ಥೆ. ಅವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರು, ಮೌನವೇ ಅವರ ಪ್ರಾರ್ಥನೆ. ಯಾವ ಜಗಳ ಒಯ್ದರೂ ಕೈಗಳನ್ನು ಮಡಿಲಲ್ಲಿಟ್ಟು, "ಮೊದಲು ಸುಮ್ಮನೆ ಕೂರೋಣ" ಎನ್ನುತ್ತಿದ್ದರು. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಒಮ್ಮೆ ದುಖಾನ್ ಎಂಬ ತೈಲದೂರಿನ ಎಂಜಿನಿಯರೊಬ್ಬರು, ಮಗಳನ್ನು ಹತ್ತಿಸಿಕೊಳ್ಳದೆ ಬಂದ ಬಸ್ ಡ್ರೈವರನ್ನು ಕೆಲಸದಿಂದ ತೆಗೆಯಲೇಬೇಕೆಂದು ಕೂಗಾಡಿದರು. ಇಬ್ಬರನ್ನೂ ನಾನೇ ಮೇಡಂ ಬಳಿ ಕರೆದೊಯ್ದೆ. ಕೆಲಸ ಹೋದರೆ ಉಳ್ಳಾಲದ ಆ ಹಿರಿಯ ಡ್ರೈವರ್ ಊರಿಗೆ ಮರಳಬೇಕಿತ್ತು. ಮೇಡಂ ಡ್ರೈವರನ್ನೂ ನಮ್ಮ ಸಮಕ್ಕೆ ಕುರ್ಚಿಯಲ್ಲಿ ಕೂರಿಸಿ ಕಣ್ಣು ಮುಚ್ಚಿದರು.

ಹತ್ತು ನಿಮಿಷವಾಯಿತು. "ಖಲಾಸ್ ಮಾಡಿ ಮೇಡಂ, ನನಗೆ ಕ್ಲಾಸಿದೆ" ಎಂದು ರೇಗಿದೆ. ಅವರು ಅಲುಗಲಿಲ್ಲ.

ಕೊನೆಗೆ ಎಂಜಿನಿಯರೇ ತಲೆ ತಗ್ಗಿಸಿ, "ಬಸ್ ಕಾದಿತ್ತು. ನಾವೇ ತಡ ಮಾಡಿದ್ದು" ಎಂದರು.

ಡ್ರೈವರ್ ನನ್ನತ್ತ ತಿರುಗಿದರು. "ಬೆಳಿಗ್ಗೆಯಿಂದ ನಿಮ್ಮ ಹತ್ರ ಇದನ್ನೇ ಹೇಳ್ಲಿಕ್ಕೆ ನೋಡಿದ್ದು ಟೀಚರ್. ನೀವು ಬಿಡ್ಲೇ ಇಲ್ಲ."