ಕರಾಟೆ ಆಟದ ಎರಡನೆಯ ಭಾಗ

ನನ್ನ ಅಣ್ಣ ಎಂದೂ ನನ್ನನ್ನು ಗೆಲ್ಲಲು ಬಿಟ್ಟವನಲ್ಲ. ಚೌಕಾಬಾರ ಇರಲಿ, ಗೋಲಿ ಇರಲಿ, ತಂಗಿ ಸಣ್ಣವಳು ಒಮ್ಮೆ ಗೆದ್ದುಕೊಳ್ಳಲಿ ಎನ್ನುವ ದಯೆ ಅವನ ಜಾಯಮಾನದಲ್ಲೇ ಇರಲಿಲ್ಲ. ಅವ್ವ ಬೈದರೆ, ‘ಆಕಿನ್ನ ಗೆಲ್ಲಿಸಿಕೋತ ಹೋದ್ರ ಆಕಿ ಕಲಿಯೂದು ಯಾವಾಗ?’ ಎಂದು ತಿರುಗಿ ವಾದಿಸುತ್ತಿದ್ದ. ನಾನೂ ಏನು ಕಡಿಮೆಯಿಲ್ಲ. ಸೋತೆನೆಂದರೆ ಎರಡು ದಿನ ಅವನೊಂದಿಗೆ ಮಾತು ಬಿಡುತ್ತಿದ್ದೆ.

ಕುಷ್ಟಗಿಯಲ್ಲಿ ಅಪ್ಪನದು ರೇಡಿಯೊ, ಟಿವಿ ರಿಪೇರಿ ಅಂಗಡಿ. ದುಬೈಗೆ ಹೋಗಿ ಬಂದ ಗಿರಾಕಿಯೊಬ್ಬರು ಒಂದು ದಿನ ಮನೆಯಲ್ಲಿಟ್ಟು ಆಡುವ ಕಂಪ್ಯೂಟರೊಂದನ್ನು ತಂದು, ‘ನಮ್ಮ ಮನ್ಯಾಗ ಇದನ್ನ ಯಾರೂ ಮೂಸಿ ನೋಡಂಗಿಲ್ರಿ, ನಿಮ್ಮ ಹುಡುಗ್ರಿಗಿ ಇರ್ಲಿ ಇಟ್ಕೋರಿ’ ಎಂದು ಕೊಟ್ಟು ಹೋದರು. ನೋಡಲು ಬರೀ ಒಂದು ದಪ್ಪ ಕೀಲಿಮಣೆ. ಅದನ್ನು ಟಿವಿಗೆ ಜೋಡಿಸಿ, ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿದರೆ ಅದು ಕಿರ್ರೆಂದು ಕಿರುಚಿ ಕಿರುಚಿ, ನಮ್ಮ ತಾಳ್ಮೆಯೆಲ್ಲ ಮುಗಿದ ಮೇಲೆ ಇಬ್ಬರು ಕರಾಟೆಯವರು ಪರದೆಯ ಮೇಲೆ ಬಂದು ನಿಲ್ಲುತ್ತಿದ್ದರು. ಬಿಳಿ ಅಂಗಿಯವನು ಅಣ್ಣ, ಕೆಂಪು ಅಂಗಿಯವನು ನಾನು. ಅಷ್ಟರಲ್ಲಿ ಕರೆಂಟು ಹೋಗದಿದ್ದರೆ ನಮ್ಮ ಪುಣ್ಯ. ಅಣ್ಣ ಒದೆಯುತ್ತಿದ್ದ, ನಾನು ಬೀಳುತ್ತಿದ್ದೆ.

ಕ್ಯಾಸೆಟ್ಟಿನ ಹೊದಿಕೆಯ ಮೇಲೆ, ಇದರ ಎರಡನೆಯ ಭಾಗ ಬರಲಿದೆ, ಅದರಲ್ಲಿ ಮೂವರು ಕಾದಾಡುತ್ತಾರೆ ಎಂದು ಅಚ್ಚಾಗಿತ್ತು. ಅಣ್ಣನಿಗೆ ಅದರದೇ ಹುಚ್ಚು ಹಿಡಿಯಿತು. ಅಪ್ಪನ ಜೊತೆ ಸಾಮಾನು ತರಲು ಹುಬ್ಬಳ್ಳಿಗೆ ಹೋದಾಗಲೆಲ್ಲ ಕ್ಯಾಸೆಟ್ ಅಂಗಡಿಗಳನ್ನು ಅಲೆದು ಕೇಳುತ್ತಿದ್ದ. ಒಬ್ಬ ಮಹಾನುಭಾವ, ‘ಎರಡನೇ ಭಾಗಾನ? ಐತಲ್ಲ, ತಗೋ’ ಎಂದು ಭಜನೆ ಪದಗಳ ಎರಡನೆಯ ಕ್ಯಾಸೆಟ್ ಕೊಟ್ಟು ಕಳಿಸಿದ್ದ. ಮುಂದಿನ ಬೇಸಿಗೆಯಲ್ಲಿ ಕಂಪ್ಯೂಟರೇ ಸುಟ್ಟುಹೋಯಿತು. ಅಪ್ಪನ ಕೈಯಲ್ಲೂ ಅದು ರಿಪೇರಿಯಾಗಲಿಲ್ಲ.

ದೊಡ್ಡವನಾದ ಮೇಲೆ ಅಣ್ಣ ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸಕ್ಕೆ ಸೇರಿದ. ವರ್ಷಗಟ್ಟಲೆ ಆ ಧೂಳನ್ನೇ ಉಂಡ, ಅದನ್ನೇ ಉಸಿರಾಡಿದ. ನಾನು ಯಲಬುರ್ಗಾದಲ್ಲಿ ಗಣಿತ ಕಲಿಸುವ ಶಿಕ್ಷಕಿಯಾದೆ. ಹೋದ ದಸರೆಯ ಹೊತ್ತಿಗೆ ಅವನಿಗೆ ನಾಲ್ಕು ಹೆಜ್ಜೆ ನಡೆದರೂ ದಮ್ಮು ಹತ್ತತೊಡಗಿತು. ಹುಬ್ಬಳ್ಳಿಗೆ ಕರೆದೊಯ್ದೆ. ಡಾಕ್ಟರು ಅವನನ್ನು ಹೊರಗೆ ಕೂರಿಸಿ ನನ್ನೊಬ್ಬಳಿಗೆ ಹೇಳಿದರು: ಪುಪ್ಪುಸದ ತುಂಬ ಕಲ್ಲಿನ ಧೂಳು, ಇದಕ್ಕೆ ಔಷಧವಿಲ್ಲ. ಎಷ್ಟು ದಿನ ಎಂಬುದನ್ನೂ ಹೇಳಿ, ‘ಅವರಿಗೆ ತಿಳಿಸಬ್ಯಾಡ್ರಿ. ಧೈರ್ಯಾ ಕಳಕೊಂಡ್ರ ಅಷ್ಟೂ ಉಳಿಯಂಗಿಲ್ಲ’ ಎಂದರು. ಅತ್ತಿಗೆ ತೀರಿಹೋಗಿ ಬಹಳ ವರ್ಷವಾಗಿತ್ತು. ಅಣ್ಣನನ್ನು ನಮ್ಮ ಮನೆಗೆ ಕರೆತಂದೆ.

ನಮ್ಮ ಕಡೆ ಇದೇ ರೂಢಿ. ರೋಗಿಯೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿರುತ್ತದೆ. ಮಾತನಾಡಿಸಲು ಬಂದವರನ್ನು ನಾನು ಬಾಗಿಲಲ್ಲೇ ನಿಲ್ಲಿಸಿ ಪಾಠ ಹೇಳಿ ಒಳಗೆ ಬಿಡುತ್ತಿದ್ದೆ. ‘ಮಾರಿ ಮ್ಯಾಲ ಕಳೆ ಬಂದೈತಿ’ ಎನ್ನಬೇಕು, ಚಹಾ ಕುಡಿಯಬೇಕು, ಎದ್ದು ಹೋಗಬೇಕು. ತಳಕಲ್ಲಿನ ದೊಡ್ಡವ್ವ ಹೊಸ್ತಿಲಲ್ಲೇ ಸೆರಗು ಬಾಯಿಗೆ ಹಚ್ಚಿ ಅಳಲು ಶುರುಮಾಡಿದಳು. ಆಕೆಯನ್ನು ಒಳಗೂ ಬಿಡದೆ ವಾಪಸು ಬಸ್ಸು ಹತ್ತಿಸಿದೆ. ಆಕೆ ಇವತ್ತಿಗೂ ನನ್ನ ಮೇಲೆ ಸಿಟ್ಟಾಗಿದ್ದಾಳೆ, ಆಗಿರಲಿ.

ಆ ದಿನಗಳಲ್ಲೇ ನನಗೆ ಕರಾಟೆ ಆಟದ ಎರಡನೆಯ ಭಾಗದ ನೆನಪಾದದ್ದು. ನಮ್ಮ ಶಾಲೆಯ ಕಂಪ್ಯೂಟರ್ ಶಿಕ್ಷಕರನ್ನು ಕೇಳಿದೆ. ಅವರು ಇಂಟರ್‌ನೆಟ್ಟಿನಲ್ಲಿ ಹುಡುಕಿ ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಟ್ಟರು. ಪರದೆಯ ಮೇಲೆ ಬಿಳಿ, ಕೆಂಪು, ನೀಲಿ ಅಂಗಿಯ ಮೂವರು ಸಾಲಾಗಿ ನಿಂತದ್ದನ್ನು ಕಂಡು ಅಣ್ಣ ಕೆಮ್ಮು ಬರುವವರೆಗೂ ನಕ್ಕ. ನೀಲಿಯವನನ್ನು ಕಂಪ್ಯೂಟರೇ ಆಡಿಸುತ್ತದೆ.

‘ಈ ಭಾಡ್ಯಾ ಯಾರ ಕಡೆ?’ ಎಂದು ಕೇಳಿದೆ.

‘ಯಾರ ಕಡೆನೂ ಅಲ್ಲ. ಇಬ್ಬರಿಗೂ ಒದೀತಾನ’ ಎಂದ.

ರಜೆ ಹಾಕಿ ದಿನಾ ಮಧ್ಯಾಹ್ನ ಅವನ ಮಂಚದ ಪಕ್ಕ ಕೂತು ಆಡುತ್ತಿದ್ದೆ. ಮೂಗಿಗೆ ಆಕ್ಸಿಜನ್ ನಳಿಕೆ, ಉಗುರೆಲ್ಲ ನೀಲಿಗಟ್ಟಿದ್ದರೂ ಅವನ ಒದೆತ ಗುರಿ ತಪ್ಪುತ್ತಿರಲಿಲ್ಲ. ದಿನಾ ಅವನೇ ಗೆಲ್ಲುತ್ತಿದ್ದ. ನಾನು ಸಿಟ್ಟು ಬಂದವಳ ಹಾಗೆ ಎದ್ದು ಅಡುಗೆಮನೆಗೆ ಹೋಗಿ ಸಂತೋಷಕ್ಕೆ ಅಳುತ್ತಿದ್ದೆ. ಇವನು ಗೆಲ್ಲುತ್ತಿರುವವರೆಗೆ ಡಾಕ್ಟರರ ಮಾತು ಸುಳ್ಳು ಎಂದು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆ. ಗಣಿತ ಕಲಿಸುವವಳು ಹಾಕುವ ಲೆಕ್ಕವೇ ಇದು!

ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಇಬ್ಬರೂ ಸೇರಿ ನೀಲಿಯವನನ್ನು ಕೆಡವಿದೆವು. ನಾನು ಅಣ್ಣನ ಮೇಲೆ ಏರಿಹೋದೆ. ಅವನು ಒಂದು ಗುಂಡಿ ಒತ್ತಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಬಿಳಿ ಅಂಗಿಯವನು ನನಗೆ ಬೆನ್ನು ತಿರುಗಿಸಿ ಸುಮ್ಮನೆ ನಿಂತ. ಬಿದ್ದ. ನಾನು ಗೆದ್ದೆ.

‘ಬೇಕಂತ ಸೋತಿ ನೀ,’ ಎಂದೆ. ‘ಹುಟ್ಟಿದಾಗಿನಿಂದ ಇಲ್ಲದ ಕರುಣಾ ಈಗ್ಯಾಕ ಬಂತು?’

ಅವನು ಉಸಿರು ಕೂಡಿಸಿಕೊಂಡು ನಿಧಾನವಾಗಿ ಹೇಳಿದ: ‘ಮೈಯಾಗ ಜ್ವರಾ ಇದ್ರೂ ಸಾಲಿ ಬಿಟ್ಟಾಕಿ ಅಲ್ಲ ನೀನು. ರಜಾ ಹಾಕಿ ನನ್ನ ಕೂಡ ಆಟಾ ಆಡಾಕತ್ತಿ. ಈ ಆಟಾ ತಂದ ದಿವಸನ ನನಗ ತಿಳೀತು. ಒಮ್ಮೆರ ಗೆಲ್ಲಲಿ ಅಂತ ಬಿಟ್ಟೆ.’

ನನಗೆ ಅವನನ್ನು ಹೊಡೆಯುವಷ್ಟು ಸಿಟ್ಟು ಬಂತು. ಊರಿನವರ ಬಾಯಿಗೆಲ್ಲ ಬೀಗ ಹಾಕಿದವಳು ನಾನು. ಗುಟ್ಟು ಬಿಟ್ಟುಕೊಟ್ಟದ್ದು ನಾನೇ ತಂದ ಆಟ. ಅದಕ್ಕಿಂತ ಹೆಚ್ಚಾಗಿ, ಚಿಕ್ಕಂದಿನಿಂದ ಆಸೆಪಟ್ಟ ಗೆಲುವು ಹೀಗೆ ಕೈಗೆ ಬಂದದ್ದನ್ನು ತಡೆದುಕೊಳ್ಳಲಾಗಲಿಲ್ಲ.

‘ಮತ್ತ ಆಡು,’ ಎಂದೆ. ‘ಖರೇ ಖರೇ ಆಡಬೇಕು.’

ಅವನು ಬೆನ್ನಿಗೆ ದಿಂಬು ಇಟ್ಟುಕೊಂಡು ಸರಿಯಾಗಿ ಕೂತ. ಹುಬ್ಬು ಗಂಟಿಕ್ಕಿತು. ಈ ಸಲ ನಿಜವಾಗಿ ಆಡುತ್ತಿದ್ದಾನೆಂದು ನನಗೆ ಗೊತ್ತಾಯಿತು. ನನ್ನನ್ನು ಸೋಲಿಸು ದೇವರೇ ಎಂದು ಬೇಡಿಕೊಳ್ಳುತ್ತಲೇ ನಾನು ಜೋರಾಗಿ ಆಡಿದೆ. ಬೇಕೆಂದೇ ಮೆತ್ತಗೆ ಆಡಿದ್ದರೆ ಅವನಿಗೆ ತಕ್ಷಣ ತಿಳಿಯುತ್ತಿತ್ತು. ಅವನ ಬೆರಳು ಗುಂಡಿಯ ಮೇಲೆ ಇಳಿಯುವಷ್ಟರಲ್ಲಿ ಒದೆತ ಬಿದ್ದಾಗಿರುತ್ತಿತ್ತು. ಮೊದಲು ನೀಲಿಯವನು ಅಣ್ಣನನ್ನು ಒದ್ದ. ಎದ್ದು ನಿಂತ. ಆಮೇಲೆ ನಾನು ಒದ್ದೆ. ಮತ್ತೆ ಎದ್ದ. ಮತ್ತೆ ಒದ್ದೆ. ನಾನೇ ಗೆದ್ದೆ.

ಅಣ್ಣ ದಿಂಬಿಗೆ ಒರಗಿದ.

‘ಈ ಸಲ ನಾ ಬಿಟ್ಟುಕೊಟ್ಟಿಲ್ಲ’ ಎಂದ.

‘ಗೊತ್ತೈತಿ.’

‘ಡಾಕ್ಟರ್ ಎಲ್ಲೀ ಮಟಾ ಅಂದಾರ?’

ಬಂದವರಿಗೆಲ್ಲ ಕಲಿಸಿಕೊಟ್ಟ ಮಾತುಗಳು ನನ್ನ ನಾಲಿಗೆಯ ಮೇಲೂ ಇದ್ದವು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

‘ಯುಗಾದಿ ಮಟಾ’ ಎಂದೆ.